ಅಟ್ಟದ ಮೇಲಿನ ಆಕ್ಟೋಪಸ್

"ಮುಳುಗೋಕೆ ಯಾರಾದ್ರೂ ದುಡ್ಡು ಕೊಟ್ಟು ಹೋಗ್ತಾರಾ?" ಅಂತ ಅಜ್ಜಿ ಕೇಳಿದ್ದಳು. ಹೊಸನಗರದ ಕಡೆಯ ಹಿರಿಯರ ಬಾಯಲ್ಲಿ ಮುಳುಗೋದು ಅನ್ನೋ ಮಾತಿಗೆ ಬೇರೆಯೇ ತೂಕ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕಿನ ಊರೂರನ್ನೇ ನುಂಗಿತು. ತೋಟ, ಗದ್ದೆ ಬಿಟ್ಟು ಬಂದವರನ್ನು ಇವತ್ತಿಗೂ ಮುಳುಗಡೆಯವರು ಅಂತಲೇ ಕರೆಯುತ್ತಾರೆ. ಅಂಥ ಮನೆಯ ಮೊಮ್ಮಕ್ಕಳಿಬ್ಬರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ನೋಡೋಕೆ ಹೊರಟರೆ ಅಜ್ಜಿ ಇನ್ನೇನು ಹೇಳಿಯಾಳು?

ಅಮ್ಮ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. "ಹೋಗಿ, ಅಡ್ಡಿಲ್ಲ. ತಮ್ಮನ್ನ ನೋಡ್ಕೊ" ಅಂದಳು, ಅಷ್ಟೇ. ಅದನ್ನೇ ನಾನು ಸರಿಯಾಗಿ ಮಾಡಲಿಲ್ಲ ಅನ್ನೋದು ಈ ಲೇಖನದ ಕಥೆ.

ನಮ್ಮೂರಿಂದ ನಗರ, ನಿಟ್ಟೂರು, ನಾಗೋಡಿ ದಾಟಿ ಘಾಟಿ ಇಳಿದರೆ ಕೊಲ್ಲೂರು. ಅಲ್ಲಿಂದ ಬೈಂದೂರು, ಭಟ್ಕಳ, ಆಮೇಲೆ ಮುರುಡೇಶ್ವರ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. 123 ಅಡಿಯ ಶಿವ ಬೆನ್ನ ಹಿಂದೆ ಸಣ್ಣವನಾಗುತ್ತಾ ಹೋಗುತ್ತಾನೆ, ಎದುರಿಗೆ ಹಸಿರು ಹೊದ್ದ ಬಂಡೆಗುಡ್ಡವೊಂದು ದೊಡ್ಡದಾಗುತ್ತಾ ಬರುತ್ತದೆ. ಕರ್ನಾಟಕದಲ್ಲಿ ಸ್ಕೂಬಾ ಅಂದರೆ ನೇತ್ರಾಣಿಯೇ. 'ಗಂಧದ ಗುಡಿ'ಯಲ್ಲಿ ಅಪ್ಪು ಅಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲೆ ಬೆಂಗಳೂರಿನ ಆಫೀಸುಗಳಲ್ಲಿ ನಾಲ್ಕು ಜನ ಸೇರಿದರೆ ಒಬ್ಬರಾದರೂ "ನೇತ್ರಾಣಿಗೆ ಹೋಗೋಣ್ವಾ?" ಅನ್ನುವಂತಾಗಿದೆ.

ನಾನೂ ತಮ್ಮನೂ ಓಪನ್ ವಾಟರ್ ಕೋರ್ಸ್ ಮುಗಿಸಿದವರು. ಅಂದರೆ 18 ಮೀಟರ್ ಆಳದವರೆಗೆ ಜೊತೆಗಾರನೊಂದಿಗೆ ಇಳಿಯಬಹುದು. ಅವನು ಊರಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ, ನಾನು ಬೆಂಗಳೂರಲ್ಲಿ ಕೋಡ್ ಬರೆಯುತ್ತೇನೆ. ಒಂದೆರಡು ಸೀಸನ್ ಆದ ಮೇಲೆ ಹುಕಿ ಬಂದು ನನ್ನದೇ ಒಂದು ರೆಗ್ಯುಲೇಟರ್ ಸೆಟ್ ತಗೊಂಡೆ. ಬೆಂಗಳೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಜಾಗ ಎಲ್ಲಿ? ಮೇ ತಿಂಗಳಲ್ಲಿ ಸೀಸನ್ ಮುಗಿದ ಮೇಲೆ ಚೀಲದ ಸಮೇತ ಊರಿನ ಮನೆಯ ಅಟ್ಟಕ್ಕೆ ಹಾಕಿದೆ. ಮಳೆಗಾಲ ಕಳೆಯಿತು. ನವೆಂಬರಿನಲ್ಲಿ ಇಳಿಸಿ, ಧೂಳು ಕೊಡವಿ, ಕಾರಿಗೆ ಹಾಕಿಕೊಂಡು ಹೊರಟೆವು.

ದೋಣಿಯಲ್ಲಿ ಸಿಲಿಂಡರಿಗೆ ಜೋಡಿಸಿದೆ. ನಾನು ಉಸಿರಾಡುವ ಮುಖ್ಯ ಮೌತ್‌ಪೀಸಿನಿಂದ ನಾಲ್ಕು ಸಲ ಉಸಿರೆಳೆದು ನೋಡಿದೆ, ಚೆನ್ನಾಗಿತ್ತು. ಹಳದಿ ಬಣ್ಣದ ಇನ್ನೊಂದರ ನಡುವಿನ ಗುಂಡಿ ಒತ್ತಿದೆ. 'ಪುಸ್' ಅಂತ ಗಾಳಿ ಬಂತು. ಸಾಕು ಅಂದುಕೊಂಡೆ.

16 ಮೀಟರಿನಲ್ಲಿ ಸ್ವಲ್ಪ ಸೆಳೆತ ಇತ್ತು. ತಮ್ಮ ಅದಕ್ಕೆ ಎದುರಾಗಿ ಕಾಲು ಬಡಿದು ಬಡಿದು ಗಾಳಿ ಖರ್ಚು ಮಾಡಿದ್ದು ನನಗೆ ಗೊತ್ತಾಗಲಿಲ್ಲ. ನಾನು ಬಂಡೆಯ ಸಂದಿಯಲ್ಲಿ ಇಣುಕುತ್ತಿದ್ದ ಈಲ್ ಮೀನಿನ ಮುಂದೆ ಬಿದ್ದಿದ್ದೆ. ಅವನು ನನ್ನ ತೋಳು ಹಿಡಿದೆಳೆದು ಗೇಜ್ ತೋರಿಸಿದಾಗ ಮುಳ್ಳು 30ರ ಹತ್ತಿರ ಇತ್ತು. ದೋಣಿಗೆ ಮರಳುವಾಗ 50 ಬಾರ್ ಉಳಿದಿರಬೇಕು ಅನ್ನೋದು ಅಲ್ಲಿನ ನಿಯಮ. ನನ್ನಲ್ಲಿ ಇನ್ನೂ 90 ಇತ್ತು. ಹೆದರುವಂಥದ್ದೇನಲ್ಲ, ಕೋರ್ಸಿನಲ್ಲಿ ಹತ್ತು ಸಲ ಮಾಡಿದ್ದೇ. ನನ್ನ ಹಳದಿ ಆಕ್ಟೋಪಸ್ ಬಿಚ್ಚಿ ಅವನ ಕೈಗೆ ಕೊಟ್ಟೆ.

ಅವನು ಬಾಯಿಗಿಟ್ಟು ಎಳೆದ. ಗಾಳಿಯ ಜೊತೆ ಉಪ್ಪುನೀರೂ ಬಂತು. ಕೆಮ್ಮಿದ. ಮತ್ತೆ ಎಳೆದ, ಮತ್ತೆ ನೀರು. ಮುಖವಾಡದ ಗಾಜಿನಾಚೆ ಅವನ ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನ್ನ ಬಾಯಲ್ಲಿದ್ದದ್ದನ್ನೇ ತೆಗೆದು ಅವನ ಬಾಯಿಗೆ ತುರುಕಿದೆ. ಅವನ ಕೈಯಿಂದ ಜಾರಿದ ಆಕ್ಟೋಪಸ್ ಹುಡುಕಿ ನಾನು ಬಾಯಿಗಿಟ್ಟೆ. ಗುಂಡಿ ಒತ್ತಿ ನೀರು ಹೊರದೂಡಬೇಕು, ನಾಲಿಗೆಯನ್ನು ಅಂಗಳಕ್ಕೆ ಅಡ್ಡ ಕೊಟ್ಟು ಬಿಸಿ ಕಾಫಿ ಹೀರುವ ಹಾಗೆ ನಿಧಾನಕ್ಕೆ ಎಳೆಯಬೇಕು, ಮತ್ತೆ ಗುಂಡಿ ಒತ್ತಬೇಕು. ಅರ್ಧ ನಿಮಿಷದಲ್ಲಿ ಗೈಡ್ ತಿರುಗಿ ಬಂದು ತನ್ನ ಆಕ್ಟೋಪಸ್ ತಮ್ಮನಿಗೆ ಕೊಟ್ಟರು, ನನ್ನದು ನನಗೆ ವಾಪಸ್ ಬಂತು. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೇಲೆ ಬಂದೆವು.

ದೋಣಿಯಲ್ಲಿ ತಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: "ಅದನ್ನ ನೀನು ಬಾಯಿಗಿಟ್ಟು ನೋಡಿರ್ಲಿಲ್ಲ, ಅಲ್ವಾ?"

ಪುಸ್ ಅಂದರೆ ಸಾಕಾ?

ಆ ಆಕ್ಟೋಪಸ್ಸಿಗೆ ಏನಾಗಿತ್ತು ಅಂತ ತಿಳಿಯೋಕೆ ಅದರ ಒಳಗು ಸ್ವಲ್ಪ ಗೊತ್ತಿರಬೇಕು. ಕಷ್ಟವೇನಿಲ್ಲ.

ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಅದನ್ನು ನೇರ ಬಾಯಿಗೆ ಬಿಟ್ಟುಕೊಳ್ಳೋಕಾಗಲ್ಲ. ಸಿಲಿಂಡರಿನ ಕತ್ತಿಗೆ ಕೂರುವ ಲೋಹದ ಗಡ್ಡೆ, ಅಂದರೆ ಫಸ್ಟ್ ಸ್ಟೇಜ್, ಅದನ್ನು ಹತ್ತು ಬಾರಿನ ಆಸುಪಾಸಿಗೆ ಇಳಿಸಿ ಹೋಸ್‌ಗಳಿಗೆ ಬಿಡುತ್ತದೆ. ಬಾಯಲ್ಲಿರುವ ಡಬ್ಬಿ ಸೆಕೆಂಡ್ ಸ್ಟೇಜ್. ನಾವು ಉಸಿರೆಳೆದಾಗ ಅದರೊಳಗಿನ ರಬ್ಬರ್ ಪೊರೆ ಒಳಬಾಗಿ ಒಂದು ಸನ್ನೆಕೋಲನ್ನು ಒತ್ತುತ್ತದೆ, ಗಾಳಿ ಬರುತ್ತದೆ. ಉಸಿರು ಬಿಟ್ಟಾಗ ಕೆಳಗಿನ ಪುಟ್ಟ ರಬ್ಬರ್ ಎಲೆಯೊಂದು ತೆರೆದು ಗುಳ್ಳೆಗಳನ್ನು ಹೊರಗೆ ಕಳಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಎಲೆಗೆ ಎಕ್ಸಾಸ್ಟ್ ವಾಲ್ವ್ ಅನ್ನುತ್ತಾರೆ. ಕೂಸ್ಟೊ ಮತ್ತು ಗಾನ್ಯಾ ಎಂಬಿಬ್ಬರು ಫ್ರೆಂಚರು 1943ರಲ್ಲಿ ತಮ್ಮ ಆಕ್ವಾ-ಲಂಗ್ ಪರೀಕ್ಷಿಸಿದಾಗಿನಿಂದ ಆಕಾರ ಎಷ್ಟೋ ಬದಲಾಗಿದೆ. ಕೇಳಿದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಷ್ಟು ಗಾಳಿ ಕೊಡಬೇಕು ಅನ್ನುವ ತತ್ವ ಬದಲಾಗಿಲ್ಲ.

ಆಕ್ಟೋಪಸ್ ಅಂದರೆ ಅದೇ ಫಸ್ಟ್ ಸ್ಟೇಜಿಗೆ ಜೋಡಿಸಿದ ಎರಡನೆಯ ಸೆಕೆಂಡ್ ಸ್ಟೇಜ್. ಗಾಳಿ ಮುಗಿದ ಜೊತೆಗಾರನಿಗೆ ಕೊಡೋಕೆ ಇರುವುದು. ನಾಲ್ಕಾರು ಹೋಸ್ ನೇತಾಡುವುದರಿಂದ ಆ ಹೆಸರು.

ಈಗ ನನ್ನ ತಪ್ಪು ಏನು ಅಂತ ನೋಡಿ. ಗುಂಡಿ ಒತ್ತಿದಾಗ 'ಪುಸ್' ಅಂದದ್ದು ಗಾಳಿ ಒಳಬರುತ್ತದೆ ಅನ್ನೋದಕ್ಕೆ ಸಾಕ್ಷಿ. ನೀರು ಒಳಬರುವುದಿಲ್ಲ ಅನ್ನೋದಕ್ಕೆ ಅದು ಸಾಕ್ಷಿಯೇ ಅಲ್ಲ. ಆಮೇಲೆ ಸರ್ವೀಸಿಗೆ ಕೊಟ್ಟಾಗ ಬಿಚ್ಚಿ ತೋರಿಸಿದರು: ಎಕ್ಸಾಸ್ಟ್ ವಾಲ್ವಿನ ಒಂದಂಚು ಮಡಚಿಕೊಂಡು ಹಾಗೇ ಸೆಟೆದು ನಿಂತಿತ್ತು. ಅದರಡಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ಮಣ್ಣು. ನಮ್ಮ ಅಟ್ಟದ ಜಂತೆಗೆಲ್ಲಾ ಮಣ್ಣಿನ ಗೂಡು ಕಟ್ಟುವ ಕಣಜ ಇದೆಯಲ್ಲ, ಅದು ನನ್ನ ಮೌತ್‌ಪೀಸಿನಲ್ಲೂ ಒಂದು ಮನೆಗೆ ಪಾಯ ಹಾಕಿ ಬಿಟ್ಟುಹೋಗಿತ್ತು.

ಐದು ಸೆಕೆಂಡಿನ ಒಂದು ಪರೀಕ್ಷೆ ಮಾಡಿದ್ದರೆ ಇದು ಮನೆಯಲ್ಲೇ ಸಿಕ್ಕಿಬೀಳುತ್ತಿತ್ತು. ಸಿಲಿಂಡರಿಗೆ ಜೋಡಿಸುವ ಮೊದಲು, ಫಸ್ಟ್ ಸ್ಟೇಜಿನ ಮುಚ್ಚಳ ಹಾಕಿರುವಾಗಲೇ, ಮೌತ್‌ಪೀಸ್ ಬಾಯಿಗಿಟ್ಟು ಮೆಲ್ಲಗೆ ಎಳೆಯಿರಿ. ಒಳಗೆ ಗಾಳಿ ಬರುವ ದಾರಿಯೇ ಇಲ್ಲದ ಕಾರಣ ಸ್ವಲ್ಪ ಎಳೆದೊಡನೆ ಬಿಗಿಯಾಗಬೇಕು. ಆ ಎಳೆತ ಹಾಗೇ ನಿಲ್ಲಬೇಕು, ಡಬ್ಬಿ ತುಟಿಗೆ ಅಂಟಿಕೊಂಡ ಹಾಗೆ. ಸರಾಗವಾಗಿ ಗಾಳಿ ಬಂತೋ, ಎಲ್ಲೋ ಸೋರುತ್ತಿದೆ ಅಂತ ಅರ್ಥ. ಗಾಳಿ ಬರುವ ಕಡೆಯಿಂದ ನೀರೂ ಬರುತ್ತದೆ. ಎರಡೂ ಮೌತ್‌ಪೀಸಿಗೆ ಇದನ್ನು ಮಾಡಬೇಕು.

ನನ್ನ ಕೆಲಸದಲ್ಲಿ ಇದೇ ಪಾಠವನ್ನು ಹತ್ತು ಮೀಟಿಂಗಿನಲ್ಲಿ ನಾನೇ ಬೇರೆಯವರಿಗೆ ಹೇಳಿದ್ದೇನೆ. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ ಅಂತ. ತಮ್ಮನಿಗೆ ಅದು ಅರ್ಥವಾಗಬೇಕಿರಲಿಲ್ಲ. ಅವನು ಹೇಳಿದ್ದು ನಮ್ಮ ತೋಟದ ಮಾತು: "ಕೊನೆಗೌಡ ನೋಡಿದೀಯಲ್ಲ? ಮರ ಹತ್ತೋ ಮುಂಚೆ ಬುಡದಲ್ಲಿ ನಿಂತು ಒಂದ್ಸಲ ಕಾಲಿನ ಹಗ್ಗ ಜಗ್ಗಿ ನೋಡ್ತಾನೆ. ನಿನ್ನೆ ಸಂಜೆ ಅದೇ ಹಗ್ಗದಲ್ಲಿ ಇಳಿದಿದ್ರೂ."

ಯಾವುದನ್ನು ಕೊಳ್ಳೋದು?

ಈ ಘಟನೆ ಆದಮೇಲೆ ನಾನು ಓದಿದ್ದು, ಕೇಳಿದ್ದು, ಕೊಳದಲ್ಲಿ ಕಟ್ಟಿಕೊಂಡು ನೋಡಿದ್ದು ಬಹಳ. ಬದಲಿ ಉಸಿರಿಗೆ ಸ್ಥೂಲವಾಗಿ ಎರಡು ಜಾತಿ. ಅದೇ ಸಿಲಿಂಡರಿನಿಂದ ಕುಡಿಯುವುದು ಒಂದು, ಪ್ರತ್ಯೇಕ ಸಿಲಿಂಡರ್ ಇರುವುದು ಇನ್ನೊಂದು.

ಮೊದಲ ಜಾತಿಯಲ್ಲಿ ಸಾಮಾನ್ಯ ಹಳದಿ ಆಕ್ಟೋಪಸ್ ಎಲ್ಲರಿಗೂ ಗೊತ್ತು. ಕೊಳ್ಳುವಾಗ ಬಣ್ಣ, ಬ್ರ್ಯಾಂಡ್ ಬಿಟ್ಟು ಕೆಲವು ವಿಷಯ ನೋಡಿ. ಹೋಸ್ ಒಂದು ಮೀಟರಿನ ಹತ್ತಿರ ಉದ್ದ ಇರಲಿ. ಮುಖ್ಯ ಹೋಸ್ ಸುಮಾರು 70 ಸೆಂಟಿಮೀಟರ್ ಇರುತ್ತದೆ, ಅಷ್ಟೇ ಉದ್ದದ್ದನ್ನು ಇನ್ನೊಬ್ಬನಿಗೆ ಕೊಟ್ಟರೆ ಇಬ್ಬರೂ ಮೂಗಿಗೆ ಮೂಗು ತಾಗಿಸಿಕೊಂಡು ಈಜಬೇಕು. ತಲೆಕೆಳಗಾಗಿ ಬಾಯಿಗಿಟ್ಟರೂ ಕೆಲಸ ಮಾಡುವ ವಿನ್ಯಾಸ ಸಿಕ್ಕರೆ ಒಳ್ಳೆಯದು, ಗಾಬರಿಯಾದವನು ಮೇಲೆ ಕೆಳಗೆ ನೋಡುವುದಿಲ್ಲ. ಯುರೋಪಿನ ಮಾನಕದ ಗುರುತು ಇದ್ದರೆ 'ಇಎನ್ 250' ಅನ್ನುವುದರ ಮುಂದೆ 'ಎ' ಅಕ್ಷರ ಇದೆಯಾ ನೋಡಿ. 2014ರ ಪರಿಷ್ಕರಣೆಯಲ್ಲಿ ಬಂದ ಗುರುತು ಅದು. ಇಬ್ಬರು ಏಕಕಾಲಕ್ಕೆ ಉಸಿರಾಡಿದರೂ ಆ ಸೆಟ್ ತಡೆಯುತ್ತದಾ ಅಂತ ಪರೀಕ್ಷಿಸಿದ್ದಾರೆ ಎಂದರ್ಥ. ಬಹಳ ಜನ ಮುಖ್ಯ ರೆಗ್ಯುಲೇಟರ್‌ಗೆ ದುಡ್ಡು ಸುರಿದು ಆಕ್ಟೋಪಸ್ಸನ್ನು ಅಗ್ಗದಲ್ಲಿ ಮುಗಿಸುತ್ತಾರೆ, ನಾನೂ ಹಾಗೇ ಮಾಡಿದ್ದೆ. ಅದನ್ನು ಬಾಯಿಗಿಡುವವನು ಆ ಹೊತ್ತಿಗೆ ಎಷ್ಟು ಜೋರಾಗಿ ಏದುಸಿರು ಬಿಡುತ್ತಿರುತ್ತಾನೆ ಅಂತ ಯೋಚಿಸಿ. ಚೆನ್ನಾಗಿರೋದು ಬೇಕಿರುವುದು ಅವನಿಗೇ.

ಇನ್ನು ಕೆಲವರು ತೇಲುಜಾಕೆಟ್ಟಿಗೆ ಗಾಳಿ ತುಂಬುವ ಕೊಳವೆಯ ತುದಿಯಲ್ಲೇ ಬದಲಿ ಮೌತ್‌ಪೀಸ್ ಇರುವಂಥದ್ದನ್ನು ಇಷ್ಟಪಡುತ್ತಾರೆ. ಸ್ಕೂಬಾಪ್ರೊ ಕಂಪನಿಯ 'ಏರ್-2' ಇದರಲ್ಲಿ ಹೆಸರಾದದ್ದು. ಒಂದು ಹೋಸ್ ಕಡಿಮೆಯಾಗುತ್ತದೆ, ಎಲ್ಲೂ ನೇತಾಡಿ ಕಳೆದುಹೋಗುವುದಿಲ್ಲ. ಆದರೆ ಆ ಕೊಳವೆ ಗಿಡ್ಡ, ಜೊತೆಗಾರನಿಗೆ ಕೊಡಲಾಗದು. ನಿಮ್ಮ ಬಾಯಲ್ಲಿರುವುದನ್ನು ಕೊಟ್ಟು ನೀವು ಇದಕ್ಕೆ ಬರಬೇಕು. ಮೇಲೇರುವಾಗ ಅದರಿಂದಲೇ ಉಸಿರಾಡುತ್ತಾ ಅದರಿಂದಲೇ ಜಾಕೆಟ್ಟಿನ ಗಾಳಿ ಬಿಡುವುದಕ್ಕೆ ಅಭ್ಯಾಸ ಬೇಕು. ನನಗೆ ಹಿಡಿಸಲಿಲ್ಲ.

ನಾನು ಕೊನೆಗೆ ಹೋದದ್ದು ಗುಹೆಗಳಲ್ಲಿ ಈಜುವವರ ಪದ್ಧತಿಗೆ. ಫ್ಲಾರಿಡಾದ ನೀರುಗುಹೆಗಳಲ್ಲಿ ಬೆಳೆದ ಕ್ರಮ ಅದು. ಬಾಯಲ್ಲಿರುವುದಕ್ಕೇ ಉದ್ದ ಹೋಸ್, ಬದಲಿಯದಕ್ಕೆ ಗಿಡ್ಡ ಹೋಸ್. ಬದಲಿಯನ್ನು ಒಂದು ಎಲಾಸ್ಟಿಕ್ ದಾರದಲ್ಲಿ ಕೊರಳಿಗೆ ಹಾಕಿ ಗದ್ದದ ಕೆಳಗೆ ಇಟ್ಟುಕೊಳ್ಳುತ್ತಾರೆ. ಜೊತೆಗಾರನಿಗೆ ತೊಂದರೆಯಾದರೆ ಬಾಯಲ್ಲಿರುವುದನ್ನು ಕೊಡುವುದು, ತಲೆ ಬಗ್ಗಿಸಿ ಕೊರಳಿನದ್ದನ್ನು ಕಚ್ಚಿಕೊಳ್ಳುವುದು. ಗುಹೆಯವರ ಹೋಸ್ ಎರಡು ಮೀಟರಿಗೂ ಉದ್ದ, ನೇತ್ರಾಣಿಯಂಥ ಕಡೆ ಅಷ್ಟು ಬೇಡ, ಒಂದು ಒಂದೂವರೆ ಮೀಟರ್ ಧಾರಾಳ. ಈ ಕ್ರಮದ ಗುಟ್ಟು ಇಷ್ಟೇ: ಕಂಗಾಲಾದವನಿಗೆ ಸಿಗುವುದು ಒಂದು ಕ್ಷಣದ ಹಿಂದಿನವರೆಗೂ ಕೆಲಸ ಮಾಡುತ್ತಿದ್ದ ಮೌತ್‌ಪೀಸ್. ಅವತ್ತು ನಾನು ಗಾಬರಿಯಲ್ಲಿ ಮಾಡಿದ್ದನ್ನೇ ಇವರು ಕ್ರಮವಾಗಿ ಮಾಡುತ್ತಾರೆ. ಯಾವ ಕ್ರಮ ಆದರೂ ಸರಿ, ಇಳಿಯುವ ಮೊದಲು ಜೊತೆಗಾರನಿಗೆ ತೋರಿಸಿ, "ನಿಂಗೆ ಗಾಳಿ ಬೇಕಾದ್ರೆ ನಾನು ಇದನ್ನ ಕೊಡ್ತೀನಿ" ಅಂತ ಹೇಳಿರಬೇಕು.

ಇಷ್ಟೆಲ್ಲಾ ಮಾಡಿದರೂ ಇವೆಲ್ಲ ಒಂದೇ ಸಿಲಿಂಡರ್, ಒಂದೇ ಫಸ್ಟ್ ಸ್ಟೇಜನ್ನು ನಂಬಿಕೊಂಡವು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದಮೇಲೆ ಮನೆಯಲ್ಲಿ ಎಷ್ಟು ಬಲ್ಬಿದ್ದರೇನು, ಲಾಟೀನೇ ಬೇಕು.

ಆ ಲಾಟೀನಿನ ಲೆಕ್ಕ

ಪ್ರತ್ಯೇಕ ಸಿಲಿಂಡರ್ ಅಂದರೆ ಎರಡು ಬಗೆ. ನೀರಿನ ಬಾಟಲಿಯಷ್ಟು ಚಿಕ್ಕದು, ಅದರ ತಲೆಯಲ್ಲೇ ಮೌತ್‌ಪೀಸ್ ಇರುವ 'ಸ್ಪೇರ್ ಏರ್' ಥರದ್ದು ಒಂದು. ಮುಖ್ಯ ಸಿಲಿಂಡರಿನ ಪಕ್ಕಕ್ಕೆ ಕಟ್ಟುವ, ಸ್ವಂತ ರೆಗ್ಯುಲೇಟರ್ ಇರುವ ಮರಿ ಸಿಲಿಂಡರ್ ಇನ್ನೊಂದು. ಇದಕ್ಕೆ ಪೋನಿ ಅನ್ನುತ್ತಾರೆ. ಚಿಕ್ಕದು ನೋಡೋಕೆ ಮುದ್ದಾಗಿದೆ, ಚೀಲದಲ್ಲಿ ಹಿಡಿಯುತ್ತದೆ. ನಾನೂ ಅದನ್ನೇ ಕಾರ್ಟಿಗೆ ಹಾಕಿದ್ದೆ. ಹಣ ಕಟ್ಟುವ ಮೊದಲು ಲೆಕ್ಕ ಹಾಕಿದ್ದು ಒಳ್ಳೆಯದಾಯಿತು.

ನೀರಿನ ಮೇಲೆ ನಮ್ಮ ಸುತ್ತ 1 ಬಾರ್ ಒತ್ತಡ. ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದು ಬಾರ್ ಸೇರುತ್ತದೆ. 18 ಮೀಟರಿನಲ್ಲಿ 2.8. ಅಂದರೆ ಮೇಲೆ ಒಂದು ಲೀಟರ್ ಹಿಡಿಸುವ ಉಸಿರಿಗೆ ಅಲ್ಲಿ 2.8 ಲೀಟರಿನಷ್ಟು ಗಾಳಿ ಖರ್ಚು. ಶಾಂತವಾಗಿರುವ ಡೈವರ್ ನಿಮಿಷಕ್ಕೆ 15 ಲೀಟರ್ ಉಸಿರಾಡುತ್ತಾನೆ ಅಂದುಕೊಂಡರೆ ಗಾಬರಿಯಲ್ಲಿ ಅದು 30 ಆಗಲಿ. 18 ಮೀಟರಿನಲ್ಲಿ ನಿಮಿಷಕ್ಕೆ 84 ಲೀಟರ್.

ಏನಾಯಿತು ಅಂತ ಅರಿತು ಸುಧಾರಿಸಿಕೊಳ್ಳೋಕೆ ಅಲ್ಲೇ ಒಂದು ನಿಮಿಷ: 84 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿಗೆ ಏರುವಷ್ಟರಲ್ಲಿ ಇನ್ನೊಂದು 93. ಅಲ್ಲಿ ಮೂರು ನಿಮಿಷ ನಿಲ್ಲಬೇಕಾದ ಸುರಕ್ಷತಾ ತಂಗುವಿಕೆಗೆ 135. ಕೊನೆಯ 5 ಮೀಟರಿಗೆ 20ರ ಹತ್ತಿರ. ಒಟ್ಟು ಸುಮಾರು 335 ಲೀಟರ್. ತೀರಾ ಇಕ್ಕಟ್ಟಾದರೆ ಆ ಮೂರು ನಿಮಿಷ ಬಿಟ್ಟುಬಿಡಬಹುದು, ಆಗಲೂ 200 ಬೇಕು.

'ಸ್ಪೇರ್ ಏರ್'ನ ದೊಡ್ಡ ಮಾದರಿಯಲ್ಲಿ ಇರುವುದು ಸುಮಾರು 85 ಲೀಟರ್. ಅಂದರೆ 18 ಮೀಟರಿನಲ್ಲಿ ಗಾಬರಿಯಾದವನಿಗೆ ಒಂದು ನಿಮಿಷ. ಸುಧಾರಿಸಿಕೊಳ್ಳುವಷ್ಟರಲ್ಲಿ ಖಾಲಿ. ಆಳ ಕಡಿಮೆ ಇದ್ದಾಗ, ತಕ್ಷಣ ಮೇಲೆ ಬರುವುದಿದ್ದರೆ ಅದರ ಉಪಯೋಗ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಓಪನ್ ವಾಟರಿನ ಪೂರ್ತಿ ಆಳಕ್ಕೆ ಇಳಿಯುವವನು ಅದನ್ನು ನಂಬಿ ಕೂರುವುದು ಸರಿಯಲ್ಲ ಅಂತ ನನಗನ್ನಿಸಿತು. 19 ಘನ ಅಡಿಯ ಪೋನಿಯಲ್ಲಿ ಸುಮಾರು 540 ಲೀಟರ್ ಹಿಡಿಯುತ್ತದೆ, ಲೆಕ್ಕಕ್ಕೆ ಸರಿಹೋಗುತ್ತದೆ. 13 ಘನ ಅಡಿಯದ್ದರಲ್ಲಿ 370ರ ಹತ್ತಿರ, ಆಗಬಹುದು, ಹೆಚ್ಚೇನೂ ಉಳಿಯುವುದಿಲ್ಲ. ಪೋನಿಯ ಜೊತೆ ಬೇರೆ ತಲೆನೋವುಗಳು ಬರುತ್ತವೆ. ಎರಡನೆಯ ರೆಗ್ಯುಲೇಟರ್ ಸೆಟ್ ಬೇಕು, ಅದಕ್ಕೂ ಸರ್ವೀಸ್ ಬೇಕು, ಸಿಲಿಂಡರಿಗೆ ಕಾಲಕಾಲಕ್ಕೆ ಒತ್ತಡದ ಪರೀಕ್ಷೆ ಆಗಿ ಕತ್ತಿನ ಮೇಲೆ ದಿನಾಂಕ ಅಚ್ಚಾಗಿರಬೇಕು. ಗಾಳಿ ತುಂಬಿದ ಸಿಲಿಂಡರನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಕೆಳಗಿಳಿಯುವಾಗ ಅದರ ಗೇಜನ್ನೂ ನೋಡಿಕೊಂಡಿರಬೇಕು, ಇಲ್ಲದಿದ್ದರೆ ಅದೂ ಅಟ್ಟದ ಮೇಲಿನ ಆಕ್ಟೋಪಸ್ಸೇ. ಜೊತೆಗಾರನ ಪಕ್ಕದಲ್ಲೇ ಇದ್ದು 18 ಮೀಟರಿನೊಳಗೆ ಈಜುವ ನಮ್ಮಂಥವರಿಗೆ ಅದು ಬೇಕೇಬೇಕು ಅಂತ ನಾನು ಹೇಳಲಾರೆ. ನಾನಿನ್ನೂ ಕೊಂಡಿಲ್ಲ.

ಬದಲಿಗೆ ಆ ಲೆಕ್ಕದಿಂದ ನನಗೆ ಬೇರೊಂದು ವಿಷಯ ಹೊಳೆಯಿತು. ಒಬ್ಬನಿಗೆ 335 ಲೀಟರ್ ಆದರೆ ಒಂದೇ ಸಿಲಿಂಡರಿನಿಂದ ಇಬ್ಬರು ಮೇಲೆ ಬರೋಕೆ 670. ನಮ್ಮಲ್ಲಿ ಬಾಡಿಗೆಗೆ ಸಿಗುವ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11 ಲೀಟರ್. 670ನ್ನು 11ರಿಂದ ಭಾಗಿಸಿದರೆ ಸುಮಾರು 61 ಬಾರ್ ಆಯಿತು. ಅಂದರೆ 18 ಮೀಟರಿನಲ್ಲಿರುವಾಗ ನನ್ನ ಗೇಜ್ 50 ತೋರಿಸುತ್ತಿದ್ದರೆ, ಎಷ್ಟೇ ಒಳ್ಳೆಯ ಆಕ್ಟೋಪಸ್ ಇದ್ದರೂ ತಮ್ಮನಿಗೆ ಕೊಡೋಕೆ ನನ್ನಲ್ಲಿ ಪೂರ್ತಿ ಗಾಳಿ ಇಲ್ಲ. 50 ಅನ್ನೋದು ದೋಣಿ ಹತ್ತುವಾಗಿನ ಲೆಕ್ಕ, ತಳದಲ್ಲಿರುವಾಗಿನದ್ದಲ್ಲ. ಈಗ ನಾವಿಬ್ಬರೂ ಆ ಆಳದಲ್ಲಿ 80 ಕಂಡೊಡನೆ ಮೇಲಕ್ಕೆ ಹೊರಡುತ್ತೇವೆ. ಅದಕ್ಕೆ ಪೈಸೆ ಖರ್ಚಿಲ್ಲ.

ನಾಲ್ಕು ತಿಂಗಳ ಮಳೆ

ರೆಗ್ಯುಲೇಟರ್ ನೋಡಿಕೊಳ್ಳುವ ಬಗ್ಗೆ ಕಂಪನಿಯವರು ಬರೆದ ಪುಸ್ತಿಕೆಗಳು ಚೆನ್ನಾಗಿಯೇ ಇವೆ. ಆದರೆ ಅದನ್ನು ಬರೆದವರು ನಮ್ಮ ಮಳೆಗಾಲ ಕಂಡವರಲ್ಲ. ಚಪ್ಪಲಿ, ಬೆಲ್ಟು, ಪೆಟ್ಟಿಗೆಯೊಳಗಿನ ಬಟ್ಟೆ, ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ರಬ್ಬರ್ ಮೌತ್‌ಪೀಸ್ ಉಳಿಯುತ್ತದೆಯೇ? ನೇತ್ರಾಣಿಯ ಸೀಸನ್ ಮಳೆಗಾಲದಲ್ಲಿ ಬಂದ್. ಅಂದರೆ ಈ ಸಾಮಾನು ಬಳಕೆಯಿಲ್ಲದೆ ಬಿದ್ದಿರುವುದು ವರ್ಷದ ಅತಿ ಹಸಿ ತಿಂಗಳುಗಳಲ್ಲಿ.

ಶುರು ಮಾಡಬೇಕಾದ್ದು ಡೈವ್ ಮುಗಿದ ದಿನವೇ. ಉಪ್ಪುನೀರು ಆರಿದರೆ ಒಳಗೆ ಹರಳುಗಟ್ಟುತ್ತದೆ, ಆಮೇಲೆ ತೊಳೆದರೂ ಹೋಗುವುದಿಲ್ಲ. ಆದಷ್ಟು ಬೇಗ ಸಿಹಿನೀರಿನಲ್ಲಿ ನೆನೆಹಾಕಬೇಕು, ಎರಡೂ ಮೌತ್‌ಪೀಸಿನೊಳಗೆ ನೀರು ಹಾಯಿಸಬೇಕು. ಇಲ್ಲಿ ಎರಡು ಎಚ್ಚರಿಕೆ. ಫಸ್ಟ್ ಸ್ಟೇಜಿನ ಮುಚ್ಚಳ ಒರೆಸಿ ಬಿಗಿಯಾಗಿ ಹಾಕಿರಬೇಕು. ಸಿಲಿಂಡರಿನಿಂದ ಬಿಚ್ಚಿದ ಮೇಲೆ ನೀರಿನೊಳಗೆ ಆ 'ಪುಸ್' ಗುಂಡಿಯನ್ನು ಒತ್ತಲೇಬಾರದು. ಒತ್ತಿದರೆ ವಾಲ್ವ್ ತೆರೆದು ನೀರು ಹೋಸಿನ ಮೂಲಕ ಫಸ್ಟ್ ಸ್ಟೇಜಿನವರೆಗೂ ಹೋಗುತ್ತದೆ. ಚೆನ್ನಾಗಿ ತೊಳೆಯಲಿ ಅಂತ ಒತ್ತಿ ಒತ್ತಿ ಹಾಳು ಮಾಡಿದವರನ್ನು ಕಂಡಿದ್ದೇನೆ.

ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ಒಣಗಬೇಕು. ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಹಾಕಿದರೆ ಅಡಿಕೆಗೆ ಒಳ್ಳೆಯದು, ರಬ್ಬರಿಗಲ್ಲ. ನಾವು ಈಗ ಡೈವ್ ಆದ ದಿನ ಮುರುಡೇಶ್ವರದಲ್ಲೇ ಒಂದು ರಾತ್ರಿ ಉಳಿಯುತ್ತೇವೆ. ಸಾಮಾನು ಆರುತ್ತದೆ ಅನ್ನೋದು ಒಂದು ಕಾರಣ. ಇನ್ನೊಂದು ನಮ್ಮ ಮೈ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನಕ್ಕೆ ಹೊರಹೋಗಬೇಕು, ಎತ್ತರಕ್ಕೆ ಹೋದರೆ ಒತ್ತಡ ಇಳಿದು ಅದು ಗುಳ್ಳೆಗಟ್ಟುವ ಅಪಾಯ. ವಿಮಾನ ಹತ್ತುವವರಿಗೆ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಿರಿ ಅಂತ ಹೇಳುತ್ತಾರೆ. ನಾಗೋಡಿ ಘಾಟಿ ವಿಮಾನವಲ್ಲ ನಿಜ. ಆದರೂ ಕಡಲತೀರದಿಂದ ಹೊರಟು ಅದೇ ಸಂಜೆ 550 ಮೀಟರಿಗೂ ಎತ್ತರದ ಊರು ತಲುಪುವ ಅವಸರ ನಮಗೇನಿದೆ?

ಮೇ ಕೊನೆಯಲ್ಲಿ ಎತ್ತಿಡುವ ಮೊದಲು ಹೋಸ್‌ಗಳನ್ನು ಲೋಹದ ಬಿರಡೆಗಳ ಹತ್ತಿರ ಬಾಗಿಸಿ ನೋಡಬೇಕು, ಬಿರುಕು ಶುರುವಾಗುವುದು ಅಲ್ಲೇ. ಮೌತ್‌ಪೀಸನ್ನು ಹಲ್ಲು ಕಚ್ಚುವ ಜಾಗದಲ್ಲಿ ಅಗಲಿಸಿ ನೋಡಿ, ಹರಿದಿದ್ದರೆ ಬದಲಾಯಿಸಿ. ಅದನ್ನು ಡಬ್ಬಿಗೆ ಬಿಗಿದಿರುವ ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಎರಡು ರೂಪಾಯಿಯ ಸಾಮಾನು, ಅದು ತುಂಡಾದರೆ ಮೌತ್‌ಪೀಸ್ ಮಾತ್ರ ಬಾಯಲ್ಲುಳಿದು ಡಬ್ಬಿ ಕೈಗೆ ಬರುತ್ತದೆ. ಹೋಸನ್ನು ಬಿಗಿಯಾಗಿ ಮಡಚಬಾರದು, ದೊಡ್ಡ ಸುತ್ತಾಗಿ ಬಿಡಬೇಕು. ಒದ್ದೆ ಇರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟಿಗೆ ನೀವೇ ಮನೆ ಮಾಡಿಕೊಟ್ಟ ಹಾಗೆ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ ಮುಚ್ಚಳದ ಡಬ್ಬಿಯಲ್ಲಿಡಬಹುದು, ಕಣಜ, ಜಿರಲೆ ಒಳಗೆ ಹೋಗಲಾರವು.

ಎಣ್ಣೆ ಮಾತ್ರ ಬೇಡ. ನಮ್ಮ ಅಪ್ಪನಿಗೆ ಕಿರುಗುಟ್ಟುವ ಬಾಗಿಲಿನಿಂದ ಹಿಡಿದು ಕತ್ತಿಯ ಹಿಡಿಯವರೆಗೆ ಎಲ್ಲಕ್ಕೂ ಒಂದೇ ಮದ್ದು. "ಒಂದ್ ಚೂರು ಕೊಬ್ಬರಿ ಎಣ್ಣೆ ಸವರಿಡು, ರಬ್ಬರ್ ಮೆತ್ತಗಿರತ್ತೆ" ಅಂತ ಬಾಟಲಿ ಹಿಡಿದೇ ಬಂದಿದ್ದರು. ತಡೆದೆ. ಮನೆಯ ಎಣ್ಣೆ, ವ್ಯಾಸಲೀನ್ ಯಾವುದೂ ಈ ಸಾಮಾನಿಗೆ ಆಗದು. ಧೂಳು ಹಿಡಿಯುತ್ತದೆ, ರಬ್ಬರ್ ಹಾಳಾಗುತ್ತದೆ, ನೀವು ಉಸಿರಾಡುವ ದಾರಿಯಲ್ಲಿ ಎಣ್ಣೆ ಇರುವುದೂ ಒಳ್ಳೆಯದಲ್ಲ. ಒಳಗಿನ ಒ-ರಿಂಗುಗಳಿಗೆ ಬೇಕಾದ ಗ್ರೀಸೇ ಬೇರೆ, ಅದನ್ನು ಸರ್ವೀಸ್ ಮಾಡುವವರೇ ಹಚ್ಚುತ್ತಾರೆ. ಮೌತ್‌ಪೀಸಿಗೆ ಬೂಷ್ಟು ಬಂದಿದ್ದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಸಾಕು.

ಸರ್ವೀಸನ್ನು ಹೆಚ್ಚಿನ ಕಂಪನಿಗಳು ವರ್ಷಕ್ಕೊಮ್ಮೆ ಅಂತ ಹೇಳುತ್ತವೆ, ಕೆಲವು ಎರಡು ವರ್ಷ ಅನ್ನುತ್ತವೆ. ನಿಮ್ಮ ಪುಸ್ತಿಕೆಯಲ್ಲಿ ಏನಿದೆಯೋ ಅದು. ಕಳಿಸುವಾಗ ಆಕ್ಟೋಪಸ್ಸನ್ನೂ ಕಳಿಸಿ, ಅದು ಬಳಕೆಯೇ ಆಗಿಲ್ಲ ಅಂತ ಉಳಿಸಿಕೊಳ್ಳಬೇಡಿ. ಬಳಕೆಯಾಗದ ರಬ್ಬರಿಗೂ ವಯಸ್ಸಾಗುತ್ತದೆ. ನಾನು ಜುಲೈನಲ್ಲಿ ಕಳಿಸುತ್ತೇನೆ, ಹೇಗೂ ಸಮುದ್ರ ಮುಚ್ಚಿರುತ್ತದೆ. ವಾಪಸ್ ಬಂದ ಮೇಲೆ ಮೊದಲ ಸಲ ಸಮುದ್ರಕ್ಕಲ್ಲ, ಈಜುಕೊಳಕ್ಕೆ. ಬಿಚ್ಚಿ ಜೋಡಿಸಿದ ಯಂತ್ರವನ್ನು ನಂಬುವ ಮೊದಲು ಒಮ್ಮೆ ಓಡಿಸಿ ನೋಡಬೇಕಲ್ಲ.

ಇನ್ನು, ಇದನ್ನು ಓದುತ್ತಿರುವ ಹೆಚ್ಚಿನವರು ಸ್ವಂತ ಸೆಟ್ ಇಲ್ಲದವರು, ವಾರಾಂತ್ಯಕ್ಕೆ ಮೊದಲ ಸಲ ನೇತ್ರಾಣಿಗೆ ಹೊರಟವರು. ನಿಮ್ಮನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ, ಹೆದರಬೇಡಿ. ಆದರೆ ದೋಣಿಯಲ್ಲಿ ಕೂತಾಗ ಸಂಕೋಚ ಬಿಟ್ಟು ಕೇಳಿ: "ಸರ್, ನಂಗೆ ಗಾಳಿ ಬರದಿದ್ರೆ ನೀವು ಯಾವುದನ್ನ ಕೊಡ್ತೀರಿ? ಒಮ್ಮೆ ಅದರಿಂದ ಉಸಿರಾಡಿ ನೋಡ್ಲಾ?" ಒಳ್ಳೆಯ ಇನ್‌ಸ್ಟ್ರಕ್ಟರ್‌ಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ, ನನ್ನ ಅನುಭವದಲ್ಲಿ ಖುಷಿಯೇ ಆಗುತ್ತದೆ. ನಿಮಗೆ ಕೊಟ್ಟ ಸೆಟ್ಟಿನ ಎರಡೂ ಮೌತ್‌ಪೀಸಿನಿಂದ ನಾಲ್ಕು ನಾಲ್ಕು ಸಲ ಉಸಿರೆಳೆಯಿರಿ. ಎಳೆಯುವಾಗ ಕಣ್ಣು ಗೇಜಿನ ಮೇಲಿರಲಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಕುಸಿದು ಮತ್ತೆ ಮೇಲೇಳುತ್ತಿದ್ದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅನುಮಾನಿಸಿ, ಹೇಳಿ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆ ಬಂದರೂ ಹೇಳಿ. ನೀರಿನಲ್ಲಿ ಏನೇ ಆಗಲಿ, ಮೇಲೇರುವಾಗ ಉಸಿರು ಕಟ್ಟಬೇಡಿ. ಒತ್ತಡ ಇಳಿದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು.

ತಮ್ಮ ಆ ಸೀಸನ್ ಪೂರ್ತಿ ನೀರಿಗಿಳಿಯಲಿಲ್ಲ. "ತೋಟದ ಕೆಲಸ ಇದೆ" ಅಂದ. ಕೊಯ್ಲಿನ ಕಾಲ, ಕೆಲಸ ಇದ್ದದ್ದು ಸುಳ್ಳಲ್ಲ, ಆದರೆ ಕಾರಣ ಅದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅಮ್ಮನಿಗೆ ನಾವು ಪೂರ್ತಿ ಹೇಳಿರಲಿಲ್ಲ. ಮುಂದಿನ ಸೀಸನ್ನಿಗೆ ನಾನು ಒಬ್ಬನೇ ಹೊರಡೋಕೆ ಚೀಲ ತುಂಬುತ್ತಿದ್ದಾಗ ಜಗುಲಿಗೆ ಬಂದು ಕೂತ. ಕೊರಳಿಗೆ ಹಾಕುವ ಎಲಾಸ್ಟಿಕ್ ದಾರ ಎಳೆದು ನೋಡಿದ, ಹೊಸ ಉದ್ದ ಹೋಸ್ ಕೈಯಲ್ಲಿ ಹಿಡಿದು ಅಳೆದ. ಆಮೇಲೆ ಎರಡು ಮೌತ್‌ಪೀಸನ್ನೂ ಒಂದಾದ ಮೇಲೊಂದು ಬಾಯಿಗಿಟ್ಟು ಎಳೆದ. ಎರಡೂ ತುಟಿಗೆ ಅಂಟಿ ನೇತಾಡಿದವು.

"ಸರಿ," ಅಂದ. "ನನ್ ಚೀಲ ಎಲ್ಲಿಟ್ಟಿದೀಯ?"